ಎರಡನೇ ಭಾಗ ಬರೆಯುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಗೆಳೆಯರು ಸೇರಿ 25 ನಿಮಿಷದ ಕಿರುಚಿತ್ರ ಮಾಡಿದ್ದೇವೆ. ಚಳ್ಳಕೆರೆ ಕಡೆಯ ಕಾವಲಿನಲ್ಲಿ ಇಳಿದ ಅನ್ಯಲೋಕದ ಯಂತ್ರವನ್ನು ರೇಡಿಯೊ ರಿಪೇರಿ ಹುಡುಗಿಯೊಬ್ಬಳು ನಿಲ್ಲಿಸುತ್ತಾಳೆ. ಎರಡನೇ ಭಾಗಕ್ಕೆ ಇನ್ನೂ ದೊಡ್ಡ ಯಂತ್ರ ತಂದೆವು. ಸ್ಕ್ರಿಪ್ಟ್ ಓದಿದವರೆಲ್ಲ ‘ಅದೇ ಕಥೆ’ ಎನ್ನುತ್ತಾರೆ. (ದಾವಣಗೆರೆಯ ಓದುಗರು)

ಉತ್ತರ: ಯಂತ್ರ ಬೆಳೆಯಿತು, ಹುಡುಗಿ ಬೆಳೆಯಲಿಲ್ಲ. ತೊಡಕಿರುವುದು ಅಲ್ಲೇ. ಪುರಾಣಗಳನ್ನು ಜಾಲಾಡಿದ ಜೋಸೆಫ್ ಕ್ಯಾಂಬೆಲ್ 1949ರಲ್ಲಿ ನಾಯಕನ ಯಾತ್ರೆಯನ್ನು 17 ಹಂತಗಳಲ್ಲಿ ವಿವರಿಸಿದರು. ಅವನ್ನು ಮೂರು ಘಟ್ಟಗಳಾಗಿ ಜೋಡಿಸಿದರು: ಹೊರಡುವುದು, ಪರೀಕ್ಷೆಗೆ ಸಿಲುಕುವುದು, ಮರಳುವುದು. ಮರಳುವಾಗ ನಾಯಕ ಊರಿಗೆ ಅಮೃತ ತರುತ್ತಾನೆ. ಮೊದಲ ಭಾಗ ಅಲ್ಲಿಗೆ ಮುಗಿಯಿತು. ಎರಡನೆಯದು ಆ ಅಮೃತದ ಗಡಿಗೆಯಿಂದಲೇ ಶುರುವಾಗಬೇಕು: ತಂದದ್ದು ಯಾರ ಪಾಲಿಗೆ ವಿಷವಾಯಿತು?

1984ರ ‘ಟರ್ಮಿನೇಟರ್’ ಕೊನೆಯಲ್ಲಿ ನಾಯಕಿ ಸಾರಾ ಕಾನರ್ ತನ್ನನ್ನು ಕೊಲ್ಲಲು ಬಂದ ಯಂತ್ರಮಾನವನನ್ನು ಪ್ರೆಸ್ಸಿನಡಿ ಅಪ್ಪಚ್ಚಿ ಮಾಡುತ್ತಾಳೆ. 1991ರ ಎರಡನೇ ಭಾಗದಲ್ಲಿ ನೋಡಿದರೆ, ಅದರ ಕೈ ಮತ್ತು ಚಿಪ್ ಒಂದು ಕಂಪನಿಯ ಲ್ಯಾಬಿನಲ್ಲಿವೆ. ಮನುಕುಲವನ್ನು ಮುಗಿಸುವ ವ್ಯವಸ್ಥೆ ಹುಟ್ಟುವುದು ಅವನ್ನು ನೋಡಿ ಕಲಿತದ್ದರಿಂದಲೇ. ಅದನ್ನು ತಡೆಯಲು ಸಾರಾ, ಆ ಕಂಪನಿಯಲ್ಲಿ ಅದನ್ನು ರೂಪಿಸುತ್ತಿರುವ ವಿಜ್ಞಾನಿಯ ಮನೆಗೇ ನುಗ್ಗಿ ಗುಂಡು ಹಾರಿಸುತ್ತಾಳೆ. ಹೆಂಡತಿ, ಮಗನ ಎದುರು ಅವನನ್ನು ಕೊಂದೇಬಿಡುತ್ತಾಳೆ ಎನ್ನುವಾಗ ಕೈ ನಡುಗಿ ಕುಸಿಯುತ್ತಾಳೆ. ಯಂತ್ರದೊಂದಿಗೆ ಹೋರಾಡುತ್ತ ತಾನೇ ಯಂತ್ರವಾಗಿದ್ದಳು. ಇಡೀ ಚಿತ್ರದಲ್ಲಿ ನಮಗೆ ಹೆಚ್ಚು ಭಯ ಹುಟ್ಟಿಸುವುದು ಆ ದೃಶ್ಯ.

ಈಗ ನಿಮ್ಮ ಕಥೆಗೆ ಬನ್ನಿ. ಹಾಳೆಯಲ್ಲಿ ಮೂರು ಕಲಂ ಎಳೆಯಿರಿ: ಮೊದಲ ಭಾಗದ ಕೊನೆಗೆ ಹುಡುಗಿ ಗಳಿಸಿದ್ದು, ಕಳೆದುಕೊಂಡದ್ದು, ನಂಬಿದ್ದು. ನಂಬಿಕೆಗಳಲ್ಲಿ ಒಂದನ್ನು ಸುಳ್ಳು ಮಾಡಿ. ‘ಸ್ಟಾರ್ ವಾರ್ಸ್’ ಸರಣಿಯ 1980ರ ಚಿತ್ರದಲ್ಲಿ ಲ್ಯೂಕ್‌ಗೆ ತನ್ನ ಶತ್ರುವೇ ತಂದೆ ಎಂದು ತಿಳಿಯುವುದು ಹೀಗೆ. ಕಳೆದುಕೊಂಡದ್ದನ್ನು ಪುಕ್ಕಟೆಯಾಗಿ ಹಿಂದಿರುಗಿಸಬೇಡಿ. ಗಳಿಸಿದ್ದನ್ನು ತೆರೆಯ ಹಿಂದೆ ಕಿತ್ತುಕೊಳ್ಳಲೂಬೇಡಿ: ‘ಏಲಿಯನ್’ ಸರಣಿಯ ಎರಡನೇ ಭಾಗವಾದ ‘ಏಲಿಯನ್ಸ್’ನಲ್ಲಿ ನಾಯಕಿ ರಿಪ್ಲಿ ಪ್ರಾಣ ಪಣಕ್ಕಿಟ್ಟು ಉಳಿಸಿದ ಮಗುವನ್ನು 1992ರ ಮೂರನೇ ಭಾಗ ಆರಂಭದಲ್ಲೇ ಸಾಯಿಸಿತು, ಅನೇಕ ಅಭಿಮಾನಿಗಳು ಅದನ್ನು ಕ್ಷಮಿಸಲಿಲ್ಲ.

ನಿಮ್ಮ ಹುಡುಗಿ ಆ ಯಂತ್ರದ ಬಿಡಿಭಾಗಗಳನ್ನು ಅಂಗಡಿಗೆ ತಂದಿದ್ದರೆ? ಅವನ್ನು ಹಾಕಿ ರಿಪೇರಿ ಮಾಡಿದ ರೇಡಿಯೊಗಳು ನಾಯಕನಹಟ್ಟಿಯಿಂದ ಪರಶುರಾಂಪುರದವರೆಗೆ ಮನೆಮನೆ ಸೇರಿದ್ದರೆ? ಆಗ ಅಪಾಯವನ್ನು ಕರೆತಂದದ್ದು ಅವಳ ಕೈಗುಣವೇ. ದೊಡ್ಡ ಯಂತ್ರ ಬೇಕೇ ಆಗುವುದಿಲ್ಲ, ಖರ್ಚೂ ಉಳಿಯುತ್ತದೆ.

ಪ್ರಶ್ನೆ: ಹಿಂದಿನ ಕಥೆ ನೆನಪಿಸಲು ಎಷ್ಟು ಹೊತ್ತು ಬೇಕು? (ಚಿತ್ರದುರ್ಗ)

ಉತ್ತರ: ಒಂದು ಜಗಳದಷ್ಟು. 1986ರ ‘ಏಲಿಯನ್ಸ್’ನಲ್ಲಿ 57 ವರ್ಷ ಬಾಹ್ಯಾಕಾಶದಲ್ಲಿ ನಿದ್ರಿಸಿ ಮರಳಿದ ರಿಪ್ಲಿಯನ್ನು ಕಂಪನಿ ವಿಚಾರಣೆಗೆ ಕೂರಿಸುತ್ತದೆ. ಅವಳು ಹೇಳುವುದನ್ನು ಅವರು ನಂಬುವುದಿಲ್ಲ. ನೋಡುವವರಿಗೆ ಹಳೆಯ ಕಥೆಯೂ ಗೊತ್ತಾಯಿತು, ಕಂಪನಿಯ ಮೇಲೆ ಸಿಟ್ಟೂ ಬಂತು. ದನಿಯೊಂದು ಹಿನ್ನೆಲೆಯಿಂದ ಸಾರಾಂಶ ಓದಿದರೆ ಆ ಸಿಟ್ಟು ಹುಟ್ಟದು.

ಪ್ರಶ್ನೆ: ಮೊದಲ ಭಾಗದ ಕೊನೆಗೆ ನಮ್ಮ ನಾಯಕನಿಗೆ ಎಲ್ಲ ಶಕ್ತಿಯೂ ಬಂದುಬಿಟ್ಟಿದೆ. ಈಗ ಅವನಿಗೆ ಸವಾಲು ಯಾವುದು? (ಹಿರಿಯೂರು)

ಉತ್ತರ: ‘ಮ್ಯಾಟ್ರಿಕ್ಸ್’ ಇದೇ ಇಕ್ಕಟ್ಟಿಗೆ ಸಿಕ್ಕಿತು. 1999ರಲ್ಲೇ ನಿಯೊ ಗುಂಡುಗಳನ್ನು ಗಾಳಿಯಲ್ಲಿ ನಿಲ್ಲಿಸಿದ, ಹಾರಿದ. 2003ರ ಎರಡನೇ ಭಾಗದಲ್ಲಿ ಒಬ್ಬನೇ ಶತ್ರುವಿನ ಹತ್ತಾರು ಪ್ರತಿಗಳು ಮುತ್ತಿದರೂ ನಮಗೆ ಎದೆ ಢವಗುಟ್ಟುವುದಿಲ್ಲ, ಏಕೆಂದರೆ ಬೇಕೆಂದಾಗ ಅವನು ಹಾರಿಹೋಗಬಲ್ಲ, ಹೋಗುತ್ತಾನೆ ಕೂಡ. ಚಿತ್ರಕ್ಕೆ ಜೀವ ಬರುವುದು ಕೊನೆಗೆ, ಎರಡು ಬಾಗಿಲುಗಳ ಮುಂದೆ: ಒಂದು ಮನುಷ್ಯರ ನಗರವನ್ನು ಉಳಿಸುವ ದಾರಿ, ಇನ್ನೊಂದು ಪ್ರೇಯಸಿಯನ್ನು. ಅಲ್ಲಿ ಬಲ ಕೆಲಸಕ್ಕೆ ಬಾರದು.

ಅಂಥ ಆಯ್ಕೆಯನ್ನು ಕೊನೆಗೆ ತಳ್ಳದೆ ಇಂಟರ್ವಲ್‌ಗಿಂತ ಮೊದಲೇ ತನ್ನಿ. ಎರಡು ಬಾಗಿಲೂ ಸರಿಯೆನ್ನಿಸಬೇಕು, ಎರಡಕ್ಕೂ ಬೆಲೆ ತೆರಬೇಕು. ನಾಯಕನ ಶಕ್ತಿಯನ್ನು ಹಠಾತ್ತನೆ ಕಡಿಮೆ ಮಾಡುವ ಯಾವ ಮದ್ದನ್ನೂ ಹುಡುಕಬೇಡಿ. ಅವನು ಯಾವ ಬಾಗಿಲು ತೆರೆದ ಎಂಬುದರ ಪರಿಣಾಮದ ಮೇಲೆ ಉಳಿದರ್ಧ ಬರೆಯಿರಿ.