ಕಿಚ್ಚು ಆಮೇಲೆ, ಮೊದಲು ಸಂಬಳ

ಪ್ರಿಯರೆ,

ಸ್ಪೇನ್ ಆಳುತ್ತಿದ್ದ ಫಿಲಿಪೀನ್ಸಿನಲ್ಲಿ, ಮನಿಲಾ ಹತ್ತಿರದ ಕವಿಟೆಯಲ್ಲಿ 1872ರಲ್ಲಿ ನಡೆದ ದಂಗೆಯ ಬಗ್ಗೆ ನೀವು ಕಳಿಸಿದ ‘ಫಿಲಿಪೀನ್ಸಿನ 1857’ ಓದಿದೆ. ಬರವಣಿಗೆಗೆ ಓಟವಿದೆ, ಕಾಗುಣಿತ ಶುದ್ಧ. ಕನ್ನಡದಲ್ಲಿ ಅಪರೂಪದ ವಿಷಯವೆಂದು ಆಸೆಯಿಂದ ಕೂತವನು ಮೊದಲ ವಾಕ್ಯದಲ್ಲೇ ಮುಗ್ಗರಿಸಿದೆ.

‘ಸ್ವಾತಂತ್ರ್ಯದ ಕಿಚ್ಚು ಹೊತ್ತ ಫಿಲಿಪಿನೋ ವೀರರು ಅಂದು ಸಿಡಿದೆದ್ದರು.’

‘ಫಿಲಿಪಿನೋ’ ಎಂದು ಆಗ ಮುಖ್ಯವಾಗಿ ಕರೆಯುತ್ತಿದ್ದುದು ಆ ದ್ವೀಪಗಳಲ್ಲಿ ಹುಟ್ಟಿದ ಸ್ಪೇನ್ ಮೂಲದವರನ್ನು. ನೆಲದ ಜನ ಸ್ಪೇನಿನವರ ಬಾಯಲ್ಲಿ ಬರೀ ‘ಇಂಡಿಯೊ’. ಎಲ್ಲರೂ ಆ ಒಂದು ಹೆಸರನ್ನು ತಮ್ಮದೆಂದುಕೊಂಡದ್ದು ದಂಗೆಯ ಆಚೆಗೆ. ನೀವು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದೀರಿ.

ಇನ್ನು ಕಿಚ್ಚು. ಕವಿಟೆಯ ಶಸ್ತ್ರಾಗಾರದ ಕೆಲಸಗಾರರು ತಲೆಗಂದಾಯ ಕಟ್ಟಬೇಕಿರಲಿಲ್ಲ. ವರ್ಷಕ್ಕೆ 40 ದಿನದ ಬಿಟ್ಟಿ ಚಾಕರಿಯೂ ಅವರಿಗಿರಲಿಲ್ಲ. ಗವರ್ನರ್ ಜನರಲ್ ಇಸ್ಕಿಯೆರ್ದೊ ಎರಡೂ ವಿನಾಯಿತಿ ಕಿತ್ತುಹಾಕಿದ. ಸಂಬಳದಲ್ಲಿ ದುಡ್ಡು ಮುರಿದುಕೊಂಡರು. ಜನವರಿ 20ರ ರಾತ್ರಿ ಸಾರ್ಜೆಂಟ್ ಲಾ ಮದ್ರಿದ್ ಜೊತೆ ಸುಮಾರು 200 ಜನ ಸಾನ್ ಫೆಲಿಪೆ ಕೋಟೆ ಹಿಡಿದರು. ಮನಿಲಾದಿಂದ ನೆರವು ಬರುತ್ತದೆಂದು ನಂಬಿದ್ದರು. ಬಂದದ್ದು ಸರ್ಕಾರದ ಪಡೆ. ಎರಡು ದಿನಕ್ಕೆ ಎಲ್ಲ ಮುಗಿಯಿತು. ಇದರಲ್ಲಿ ಒಂದಕ್ಷರವೂ ನಿಮ್ಮ ಲೇಖನದಲ್ಲಿಲ್ಲ. ನನಗೆ ಕರಡು ತಿದ್ದಲು ಕಲಿಸಿದ ಹಿರಿಯರು ‘ಕಿಚ್ಚು’ ಕಂಡಲ್ಲೆಲ್ಲ ಅಂಚಿನಲ್ಲಿ ‘ಎಷ್ಟು ದುಡ್ಡು?’ ಎಂದು ಗೀಚುತ್ತಿದ್ದರು.

ಎರಡನೆಯ ವಾಕ್ಯ: ‘ದಂಗೆಯ ರೂವಾರಿಗಳಾದ ಮೂವರು ಪಾದ್ರಿಗಳನ್ನು ಫೆಬ್ರವರಿ 28ರಂದು ಗಲ್ಲಿಗೇರಿಸಲಾಯಿತು.’

‘ರೂವಾರಿ’ ಸರ್ಕಾರದ ಆರೋಪ. ನೀವದನ್ನು ನಿಮ್ಮ ತೀರ್ಪು ಮಾಡಿಕೊಂಡಿದ್ದೀರಿ. ಗೋಮೆಸ್, ಬುರ್ಗೋಸ್, ಸಮೋರಾ ನಿಂತಿದ್ದುದು ಇಗರ್ಜಿಗಳು ಸ್ಪೇನಿನ ಸನ್ಯಾಸಿಗಳ ಕೈ ಬಿಟ್ಟು ಸ್ಥಳೀಯ ಪಾದ್ರಿಗಳಿಗೆ ಸಿಗಬೇಕೆಂಬವರ ಪರ. ಅವರ ಪಾದ್ರಿ ಪದವಿ ಕಿತ್ತುಕೊಳ್ಳಲು ಆರ್ಚ್‌ಬಿಷಪ್ ಮಾರ್ತೀನೆಸ್ ಒಪ್ಪಲಿಲ್ಲ. ವಿರುದ್ಧ ಸಾಕ್ಷಿ ಹೇಳಿದ ಸಲ್ದುವಾನನ್ನೂ ಅವರ ಜೊತೆಗೇ ಕೊಂದರು. ‘ಗಲ್ಲು’ ಎಂದೊಡನೆ ಓದುಗನ ಕಣ್ಣಿಗೆ ಹಗ್ಗ ಬರುತ್ತದೆ. ಅಲ್ಲಿದ್ದದ್ದು ಗರೋಟು: ಕಂಬಕ್ಕೆ ಬೆನ್ನು ಕೊಟ್ಟು ಕೂರಿಸಿ, ಕುತ್ತಿಗೆಗೆ ಕಬ್ಬಿಣದ ಪಟ್ಟಿ ಹಾಕಿ, ಹಿಂದಿನಿಂದ ತಿರುಪು ಬಿಗಿಯುವುದು. ಮನಿಲಾದ ಬಾಗುಂಬಾಯನ್ ಬಯಲಿನಲ್ಲಿ, ಜನರ ಎದುರಿಗೆ.

ತಾರೀಖು 28 ಅಲ್ಲ, 17. ಗೋಮೆಸ್ ವಯಸ್ಸು 85 ಎಂದಿದ್ದೀರಿ, 72. ಈ ಎರಡೂ ತಪ್ಪು ಎಲ್ಲಿಂದ ಬಂತೆಂದು ಗೊತ್ತು. ಫಿಲಿಪೀನ್ಸಿನ ಲೇಖಕ ಹೊಸೆ ರಿಸಾಲ್ 1891ರ ತನ್ನ ಕಾದಂಬರಿ ‘ಎಲ್ ಫಿಲಿಬುಸ್ತೆರಿಸ್ಮೊ’ವನ್ನು ಈ ಮೂವರಿಗೆ ಅರ್ಪಿಸುವಾಗ ಹಾಗೆ ಬರೆದ. ಘಟನೆ ನಡೆದಾಗ ಅವನಿಗೆ ಹತ್ತು ವರ್ಷ. ಆದರೆ ಅವನ ಅಣ್ಣ ಪಸಿಯಾನೊ ಬುರ್ಗೋಸರ ಶಿಷ್ಯ. ನಿಮ್ಮ ಲೇಖನ ಶುರುವಾಗಬೇಕಾದ್ದು ಈ ಅರ್ಪಣೆಯಿಂದ. ತಾರೀಖು, ವಯಸ್ಸು ತಪ್ಪಿದರೂ ಹತ್ತೊಂಬತ್ತು ವರ್ಷ ಆ ಮೂರು ಹೆಸರು ಅವನನ್ನು ಬಿಡಲಿಲ್ಲ ಎನ್ನುವುದನ್ನು ತೋರಿಸಿ. ಅಲ್ಲಿಂದ ಕತಿಪುನಾನ್‌ಗೆ ಬನ್ನಿ. ಸ್ಪೇನಿನ ವಿರುದ್ಧ 1892ರಲ್ಲಿ ಹುಟ್ಟಿದ ಆ ಗುಪ್ತ ಸಂಘ ಮೂವರ ಹೆಸರು ಕೂಡಿಸಿ ‘ಗೋಂಬುರ್ಸಾ’ ಎಂಬ ಗುಪ್ತಪದ ಮಾಡಿಕೊಂಡಿತ್ತು.

ಕಿಚ್ಚು ಬೇಕೇ ಬೇಕೆಂದರೆ ಫೆಬ್ರವರಿ 17ರ ಆಚೆಗೆ ಇಡಿ, ಜನವರಿ 20ಕ್ಕಲ್ಲ. ಶೀರ್ಷಿಕೆಯಿಂದ 1857 ತೆಗೆಯಿರಿ. ಉಳಿದ ಪುಟಗಳನ್ನು ನಾನು ಮುಟ್ಟಿಲ್ಲ. ಈ ಎರಡು ವಾಕ್ಯ ತಿದ್ದಿದರೆ ಅವು ಹೇಗೂ ಬದಲಾಗುತ್ತವೆ. ತಿದ್ದಿ ಕಳಿಸಿ.