ಹೇಳದೆ ಉಳಿದ ಮಾತನ್ನು ಮಗುವಿಗೆ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಐದನೆಯ ತರಗತಿಯ ಭಾಷಾ ಶಿಕ್ಷಕಿ. ನನ್ನ ವಿದ್ಯಾರ್ಥಿಯೊಬ್ಬ ತಡವರಿಸದೆ ಓದುತ್ತಾನೆ. ಕಥೆಯಲ್ಲಿ ನೇರವಾಗಿ ಹೇಳಿರುವ ಸಂಗತಿಗಳನ್ನು ಕೇಳಿದರೆ ಸರಿಯಾಗಿಯೇ ಉತ್ತರಿಸುತ್ತಾನೆ. ‘ಅವಳು ಒಳಗೆ ಬಾರದೆ ಬಾಗಿಲಲ್ಲೇ ಏಕೆ ನಿಂತಳು?’ ಎಂದು ಕೇಳಿದರೆ ಮಾತ್ರ ‘ಪಾಠದಲ್ಲಿ ಬರೆದಿಲ್ಲ’ ಎನ್ನುತ್ತಾನೆ. ಗೆಳೆಯರು ಬೇಸತ್ತು ಮುಖ ತಿರುಗಿಸಿದರೂ ಅವನಿಗೆ ತಿಳಿಯುವುದಿಲ್ಲ. ಕಳೆದ ವಾರ ನಾನು ‘ಇನ್ನೆಷ್ಟು ಹೊತ್ತು ಮಾತಾಡ್ತೀಯಪ್ಪಾ?’ ಎಂದಾಗ ‘ಇನ್ನೈದು ನಿಮಿಷ ಮೇಡಂ’ ಎಂದ. ತರಗತಿಯೆಲ್ಲ ನಕ್ಕಿತು, ಅವನ ಮುಖ ಬಾಡಿತು. ಮುಖಭಾವಗಳ ಚಿತ್ರಪಟ ತೋರಿಸಿ ಅಭ್ಯಾಸ ಮಾಡಿಸಿದ್ದೇನೆ. ಚಿತ್ರದಲ್ಲಿ ಗುರುತಿಸುವುದು ಆಟದ ಮೈದಾನದಲ್ಲಿ ಕೈಗೂಡುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ‘ಇನ್ನೈದು ನಿಮಿಷ’ವನ್ನೇ ನೋಡೋಣ. ನಿಮ್ಮ ಮಾತು ಕೇಳಿದ್ದು ಹೊತ್ತನ್ನು, ನಿಮ್ಮ ಮನಸ್ಸು ಬಯಸಿದ್ದು ಮೌನವನ್ನು. ಹುಡುಗ ಮಾತಿಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟಿದ್ದಾನೆ. ಅದರಲ್ಲಿ ಉದ್ಧಟತನವಿರಲಿಲ್ಲವೆಂದು ಅವನ ಬಾಡಿದ ಮುಖವೇ ಹೇಳುತ್ತದೆ. ಆಡಿದ ಮಾತಿನಿಂದ ಉದ್ದೇಶಿಸಿದ ಅರ್ಥಕ್ಕೆ ಕೇಳುಗ ಹೇಗೆ ತಲಪುತ್ತಾನೆ ಎಂಬುದನ್ನು ತತ್ತ್ವಜ್ಞಾನಿ ಪಾಲ್ ಗ್ರೈಸ್ 1975ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದರು. ಅದಕ್ಕೂ ಎಷ್ಟೋ ಶತಮಾನ ಮೊದಲೇ ನಮ್ಮ ಆಲಂಕಾರಿಕರು, ‘ಸೂರ್ಯ ಮುಳುಗಿದ’ ಎಂಬ ಒಂದೇ ವಾಕ್ಯ ದನ ಕಾಯುವವನಿಗೆ ಮನೆಗೆ ಹೊರಡುವ ಸೂಚನೆಯಾಗಿಯೂ ವ್ಯಾಪಾರಿಗೆ ಸರಕನ್ನು ಒಳಗಿಡುವ ಸೂಚನೆಯಾಗಿಯೂ ಕೇಳಿಸುತ್ತದೆಂದು ತೋರಿಸಿದ್ದರು. ಬಹುಪಾಲು ಮಕ್ಕಳು ಇದನ್ನು ಯಾರೂ ಹೇಳಿಕೊಡದೆ ಕಲಿಯುತ್ತಾರೆ. ಆಟಿಸಂ ಅಥವಾ ಭಾಷಾ ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗೆ, ಕೆಲವೊಮ್ಮೆ ಕಿವಿ ಮಂದವಾದವರಿಗೂ, ಬಿಡಿಸಿ ಕಲಿಸಬೇಕಾಗುತ್ತದೆ.

ನೀವು ಹೇಳಿರುವ ಎರಡು ತೊಡಕುಗಳ ಬೇರು ಒಂದೇ. ಕಂಡ ಸುಳಿವನ್ನು ಮೊದಲೇ ತಿಳಿದಿರುವುದರ ಜೊತೆ ಸೇರಿಸಿ, ಹೇಳದೆ ಉಳಿದುದನ್ನು ಊಹಿಸುವ ಕೆಲಸ ಪುಸ್ತಕದಲ್ಲಿಯೂ ಇದೆ, ಮೈದಾನದಲ್ಲಿಯೂ ಇದೆ. ಪುಸ್ತಕದಿಂದಲೇ ಆರಂಭಿಸಿ, ಏಕೆಂದರೆ ಮುಖ ಕ್ಷಣದಲ್ಲಿ ಬದಲಾಗುತ್ತದೆ, ವಾಕ್ಯ ಬೇಕಾದಷ್ಟು ಹೊತ್ತು ಕಾಯುತ್ತದೆ. ನಿಮ್ಮ ಯೋಚನೆಯನ್ನು ಅವನ ಮುಂದೆ ಬಾಯಿಬಿಟ್ಟು ಆಡಿ ತೋರಿಸಿ: ‘ಅವಳು ಬಾಗಿಲಲ್ಲಿ ನಿಂತಿದ್ದಾಳೆ, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಾಳೆ ಎಂದು ಬರೆದಿದೆ. ಏನನ್ನಾದರೂ ಮುಚ್ಚಿಡುವಾಗ ನಾನೂ ಹಾಗೆ ಮಾಡಿದ್ದುಂಟು. ಹಾಗಾದರೆ ಅವಳು ಏನನ್ನೋ ಅಡಗಿಸಿರಬಹುದು.’ ಇಷ್ಟಕ್ಕೆ ನಿಲ್ಲಿಸದೆ ‘ಬೇರೆ ಏನಿರಬಹುದು?’ ಎಂದೂ ಕೇಳಿ. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯವಾದ ಪ್ರಶ್ನೆ. ಅವಳು ಉಡುಗೊರೆ ತಂದಿರಬಹುದು. ಮುಂದಿನ ಪುಟ ಓದಿ ಇಬ್ಬರೂ ಪರೀಕ್ಷಿಸಿಕೊಳ್ಳಿ. ಊಹೆ ತಪ್ಪಿದರೆ ತಿದ್ದಿಕೊಳ್ಳಬಹುದೆಂದು ತಿಳಿದ ಮಗು ‘ಬರೆದಿಲ್ಲ’ ಎಂಬ ಉತ್ತರದ ಆಸರೆ ಬಿಟ್ಟು ಮೆಲ್ಲನೆ ಹೊರಬರುತ್ತದೆ.

ಚಿತ್ರಪಟದಲ್ಲಿರುವುದು ಸಂದರ್ಭವಿಲ್ಲದ, ನಿಶ್ಚಲವಾದ ಮುಖ. ಮೈದಾನದಲ್ಲಿ ಧ್ವನಿಯ ಏರಿಳಿತ, ನಿಂತಿರುವ ದೂರ, ಪಾದಗಳು ತಿರುಗಿರುವ ದಿಕ್ಕು, ಸ್ವಲ್ಪ ಹೊತ್ತಿಗೆ ಮುಂಚೆ ನಡೆದದ್ದು, ಎಲ್ಲವೂ ಸುಳಿವೇ. ಆದ್ದರಿಂದ ಪುಟ್ಟ ವಿಡಿಯೊವನ್ನು ಶಬ್ದವಿಲ್ಲದೆ ತೋರಿಸಿ, ನಡುವೆ ನಿಲ್ಲಿಸಿ ಊಹಿಸಲು ಬಿಟ್ಟು, ಆಮೇಲೆ ಶಬ್ದದೊಂದಿಗೆ ತೋರಿಸುವುದು ಹೆಚ್ಚು ಉಪಯುಕ್ತ. ‘ಇವನಿಗೆ ಏನು ಗೊತ್ತು, ಏನು ಗೊತ್ತಿಲ್ಲ?’ ಎಂದೂ ಕೇಳುತ್ತಿರಿ. 1985ರಲ್ಲಿ ಸೈಮನ್ ಬ್ಯಾರನ್-ಕೋಹೆನ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗದಲ್ಲಿ ಸ್ಯಾಲಿ ಎಂಬ ಗೊಂಬೆ ಬುಟ್ಟಿಯಲ್ಲಿಟ್ಟು ಹೋದ ಗೋಲಿಯನ್ನು ಇನ್ನೊಂದು ಗೊಂಬೆ ಪೆಟ್ಟಿಗೆಗೆ ಸಾಗಿಸುತ್ತದೆ. ಮರಳಿದ ಸ್ಯಾಲಿ ಎಲ್ಲಿ ಹುಡುಕುತ್ತಾಳೆಂದು ಕೇಳಿದಾಗ ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿ ಪೆಟ್ಟಿಗೆಯನ್ನೇ ತೋರಿಸಿದರು. ಇನ್ನೊಬ್ಬರಿಗೆ ತಿಳಿದಿರುವುದು ತನಗೆ ತಿಳಿದಿರುವುದಕ್ಕಿಂತ ಬೇರೆ ಎಂಬುದು ಕೆಲವು ಮಕ್ಕಳಿಗೆ ತಾನಾಗಿ ಹೊಳೆಯುವುದಿಲ್ಲ.

ಹಾಗೆಂದು ಹೊರೆಯನ್ನೆಲ್ಲ ಅವನೊಬ್ಬನ ಮೇಲೆ ಹೊರಿಸಬೇಡಿ. ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ, ಅರ್ಥವಾಗದಿರುವ ತೊಂದರೆ ಎರಡೂ ಕಡೆಯದು ಎಂದು ವಾದಿಸಿದರು. ನಿಮ್ಮ ಹುಡುಗನಿಗೆ ಆಟಿಸಂ ಇರಲಿ, ಇಲ್ಲದಿರಲಿ, ಆ ಮಾತು ನಿಮ್ಮ ತರಗತಿಗೂ ಸಲ್ಲುತ್ತದೆ. ‘ಈಗ ಮಾತು ನಿಲ್ಲಿಸಿ ಪುಸ್ತಕ ತೆಗೆ’ ಎಂದು ನೇರವಾಗಿ ಹೇಳಿ; ಅವನನ್ನು ನೋಡಿ ನಗಬಾರದೆಂದು ಉಳಿದವರಿಗೂ ತಿಳಿಸಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡೆಂದು ಒತ್ತಾಯಿಸಬೇಡಿ. ‘ನಾನು ನಿಲ್ಲಿಸಲಾ, ಮುಂದುವರಿಸಲಾ?’ ಎಂದು ಗೆಳೆಯರನ್ನು ಕೇಳುವುದನ್ನು ಅವನಿಗೆ ಅಭ್ಯಾಸ ಮಾಡಿಸಿ. ಈ ತೊಡಕು ಮನೆಯಲ್ಲಿಯೂ ಕಾಣುತ್ತಿದ್ದರೆ ಶ್ರವಣ ಪರೀಕ್ಷೆಗೂ ವಾಕ್-ಭಾಷಾ ತಜ್ಞರ ಭೇಟಿಗೂ ಪೋಷಕರೊಡನೆ ಮಾತಾಡಿ.

ಪ್ರಶ್ನೆ: ಎಂಟನೆಯ ತರಗತಿಯಲ್ಲಿರುವ ನನ್ನ ಮಗಳದು ಇದಕ್ಕೆ ತದ್ವಿರುದ್ಧ. ಗೆಳತಿ ಮೊಬೈಲಿನಲ್ಲಿ ‘ಸರಿ’ ಎಂದಷ್ಟೇ ಉತ್ತರಿಸಿದರೂ ಸಿಟ್ಟಾಗಿದ್ದಾಳೆಂದು ರಾತ್ರಿಯೆಲ್ಲ ಕೊರಗುತ್ತಾಳೆ.

ಉತ್ತರ: ನಿಮ್ಮ ಮಗಳು ಇರುವ ಸುಳಿವಿಗಿಂತ ಹೆಚ್ಚು ಊಹಿಸುತ್ತಿದ್ದಾಳೆ. ಬರೆದ ಒಂದು ಪದದಲ್ಲಿ ಧ್ವನಿಯೂ ಇಲ್ಲ, ಮುಖವೂ ಇಲ್ಲ. ಆ ಖಾಲಿ ಜಾಗವನ್ನು ಅವಳ ಭಯ ತುಂಬುತ್ತಿದೆ. ‘ಇಷ್ಟಕ್ಕೆಲ್ಲ ಯೋಚಿಸಬೇಡ’ ಎಂದರೆ ಅವಳಿಗೆ ಸಮಾಧಾನವಾಗದು. ಆ ‘ಸರಿ’ಗೆ ಇರಬಹುದಾದ ಮೂರು ಕಾರಣಗಳನ್ನು ಅವಳಿಂದಲೇ ಹೇಳಿಸಿ, ಪ್ರತಿಯೊಂದಕ್ಕೂ ಯಾವ ಸುಳಿವಿದೆಯೆಂದು ಕೇಳಿ, ಮರುದಿನ ಗೆಳತಿಯನ್ನೇ ವಿಚಾರಿಸಲು ಹೇಳಿ. ಕೊರಗು ವಾರಗಟ್ಟಲೆ ಉಳಿದು ನಿದ್ದೆ, ಓದು ಕೆಡುತ್ತಿದ್ದರೆ ಶಾಲೆಯ ಆಪ್ತಸಮಾಲೋಚಕರನ್ನು ಕಾಣುವುದು ಒಳಿತು.