3 ನ್ಯಾನೋಮೀಟರ್ ಚಿಪ್‌ನಲ್ಲಿ 3 ನ್ಯಾನೋಮೀಟರ್ ಇರುವುದು ಯಾವುದು?

ಪ್ರಶ್ನೆ: ನನ್ನ ಮೊಬೈಲ್‌ನಲ್ಲಿರುವುದು ‘3 ನ್ಯಾನೋಮೀಟರ್’ ಚಿಪ್. ಅದರ ಯಾವ ಭಾಗ ಅಷ್ಟು ಚಿಕ್ಕದು? ಅಷ್ಟು ಹೊಸ ಚಿಪ್ ಇದ್ದರೂ ಸ್ವಲ್ಪ ಹೊತ್ತು ಗೇಮ್ ಆಡಿದರೆ ಬಿಸಿಯಾಗಿ ನಿಧಾನವಾಗುವುದೇಕೆ?

ಉತ್ತರ: ಆ ಸಂಖ್ಯೆ ಯಾವ ಭಾಗದ ಅಳತೆಯೂ ಅಲ್ಲ. ಅದು ತಯಾರಿಕಾ ತಂತ್ರಜ್ಞಾನದ ಪೀಳಿಗೆಗೆ ಇಟ್ಟ ಹೆಸರು. ಆ ಪೀಳಿಗೆಯ ಚಿಪ್‌ನಲ್ಲಿ ಒಂದು ಗೇಟ್‌ನ (ಟ್ರಾನ್ಸಿಸ್ಟರ್ ಎಂಬ ಸೂಕ್ಷ್ಮ ಸ್ವಿಚ್ಚನ್ನು ನಿಯಂತ್ರಿಸುವ ಭಾಗ) ನಡುವಿನಿಂದ ಪಕ್ಕದ ಗೇಟ್‌ನ ನಡುವಿಗೆ ಅಳೆದರೆ ಸುಮಾರು 45ರಿಂದ 50 ನ್ಯಾನೋಮೀಟರ್ ಸಿಗುತ್ತದೆ. ಎಲ್ಲ ಭಾಗಗಳೂ ಒಂದೇ ಪ್ರಮಾಣದಲ್ಲಿ ಕುಗ್ಗುವುದೂ ಇಲ್ಲ. ಚಿಪ್ ತಯಾರಿಸುವ ತೈವಾನ್ ಕಂಪನಿ ಟಿಎಸ್‌ಎಂಸಿಯ ಎನ್5ರಿಂದ (5 ನ್ಯಾನೋಮೀಟರ್ ಪೀಳಿಗೆ) ಎನ್3ಇಗೆ (3 ನ್ಯಾನೋಮೀಟರ್ ಪೀಳಿಗೆ) ಬರುವಾಗ ಲೆಕ್ಕ ಮಾಡುವ ಸರ್ಕ್ಯೂಟ್‌ಗಳು ಚಿಕ್ಕದಾದವು. ಚಿಪ್‌ನೊಳಗಿನ ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಒಂದೊಂದು ಬಿಟ್ ಹಿಡಿದಿಡುವ ಎಸ್‌ರ‍್ಯಾಮ್ ಕೋಶ ಮಾತ್ರ 0.021 ಚದರ ಮೈಕ್ರೋಮೀಟರ್‌ನಲ್ಲೇ ನಿಂತಿತು. ಹಾಗಾಗಿ ಬರೀ ನ್ಯಾನೋಮೀಟರ್ ನೋಡಿ ಫೋನ್ ಆರಿಸಬೇಡಿ.

ಬಿಸಿಯಾಗಲು ಮುಖ್ಯ ಕಾರಣ ವೋಲ್ಟೇಜ್. ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ವೋಲ್ಟೇಜ್‌ನ ವರ್ಗಕ್ಕೂ ಕ್ಲಾಕ್ ವೇಗಕ್ಕೂ (ಸೆಕೆಂಡಿಗೆ ಚಿಪ್ ಎಷ್ಟು ಬಾರಿ ಮಿಡಿಯುತ್ತದೆ ಎಂಬುದು) ಅನುಪಾತದಲ್ಲಿ ಏರುತ್ತದೆ, ಮೇಲಾಗಿ ಹೆಚ್ಚಿನ ವೇಗಕ್ಕೆ ಹೆಚ್ಚಿನ ವೋಲ್ಟೇಜ್ ಬೇಕು. ಎರಡನ್ನೂ ಶೇ 10 ಇಳಿಸಿದರೆ 0.9 × 0.9 × 0.9, ಅಂದರೆ 0.73, ಬಳಕೆ ಸುಮಾರು ಶೇ 27 ಕಡಿಮೆ. ಫ್ಯಾನ್ ಇಲ್ಲದ ಫೋನ್‌ನಲ್ಲಿ ಶಾಖ ಹೋಗಬೇಕಾದದ್ದು ಹೊರಕವಚದಿಂದಲೇ. ಅದು ಸಾಲದಾದಾಗ ಚಿಪ್ ತಾನಾಗಿ ವೇಗ ತಗ್ಗಿಸುತ್ತದೆ. ಇದು ದೋಷವಲ್ಲ, ರಕ್ಷಣೆ.

ಮೊದಲು ಗೇಮ್‌ನ ಫ್ರೇಮ್ ಮಿತಿಯನ್ನು (ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸಬೇಕೆಂಬುದು) 120ರಿಂದ 60ಕ್ಕೆ ಇಳಿಸಿ. ಗ್ರಾಫಿಕ್ಸ್ ಕೆಲಸ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಉಳಿದ ಉಪಾಯಗಳಿಗಿಂತ ಇದೇ ಮೇಲು. ಚಾರ್ಜ್‌ಗೆ ಹಾಕಿಕೊಂಡು ಆಡಬೇಡಿ: ಬ್ಯಾಟರಿಯ ಶಾಖವೂ ಚಿಪ್‌ನ ಶಾಖವೂ ಒಂದೇ ಕವಚದಿಂದ ಹೊರಹೋಗಬೇಕು, ಲಿಥಿಯಂ ಅಯಾನ್ ಬ್ಯಾಟರಿಯನ್ನು 45 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಚಾರ್ಜ್ ಮಾಡಿದರೆ ಅದರ ಆಯಸ್ಸು ಬೇಗ ಸವೆಯುತ್ತದೆ. ದಪ್ಪ ರಬ್ಬರ್ ಕೇಸ್ ತೆಗೆಯಿರಿ. ಬೇಗ ತಣಿಯಲೆಂದು ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ಹೊರತೆಗೆದಾಗ ಗಾಳಿಯ ತೇವ ಒಳಗೇ ನೀರಾಗಿ ಕೂರಬಹುದು.

ಪ್ರಶ್ನೆ: ಹೊಸ ಫೋನ್ ಕೊಳ್ಳುವಾಗ, ಅದು ಬಿಸಿಯಾಗಿ ನಿಧಾನವಾಗುತ್ತದೆಯೇ ಎಂದು ಮೊದಲೇ ತಿಳಿಯುವುದು ಹೇಗೆ?

ಉತ್ತರ: ವಿಮರ್ಶೆಗಳಲ್ಲಿ ಬೆಂಚ್‌ಮಾರ್ಕ್‌ನ (ವೇಗ ಅಳೆಯುವ ಪರೀಕ್ಷೆಯ) ಗರಿಷ್ಠ ಅಂಕ ಬಿಡಿ, ಅದನ್ನೇ ಸುತ್ತು ಸುತ್ತಾಗಿ 20 ನಿಮಿಷ ಸತತ ಓಡಿಸಿದ ಪರೀಕ್ಷೆ ಹುಡುಕಿ. ಕೊನೆಯ ಸುತ್ತಿನ ಅಂಕವನ್ನು ಮೊದಲ ಸುತ್ತಿನದರಿಂದ ಭಾಗಿಸಿ. 0.9 ಬಂದರೆ ಬಹಳ ಚೆನ್ನ. 0.6 ಬಂದರೆ, ಜಾಹೀರಾತಿನ ವೇಗ ನಿಮಗೆ ಸಿಗುವುದು ಆರಂಭದ ಕೆಲವೇ ನಿಮಿಷ.